ದಿವಾನನ ಕೊನೆಯ ಒದೆ

“ಅಂಕಲ್, ಐ ಕಾಂಟ್. ಕಾಲು ತಾಗಿದ ತಕ್ಷಣ ಕೈ ತಾನೇ ಹೋಗತ್ತೆ,” ಎಂದ ಕುಶಲ್, ಮಡಚುವ ಕುರ್ಚಿಯೊಳಗೆ ತನ್ನ ಆನೆಯಂಥ ಮೈಯನ್ನು ಹೇಗೋ ಹೊಂದಿಸಿಕೊಂಡು.

ಯೋಗಾನಂದ ಕನ್ನಡಿಯಿಲ್ಲದೆಯೇ ಮೈಸೂರು ಪೇಟವನ್ನು ತಲೆಗೆ ಕೂರಿಸಿಕೊಳ್ಳುತ್ತಿದ್ದ. ಯೂನಿಯನ್ ಸಿಟಿಯ ಆ ಬಾಡಿಗೆ ಸಭಾಂಗಣದ ಹಿಂದೆ, ನೆಲ ಒರೆಸುವ ಬಕೆಟ್ಟುಗಳನ್ನಿಡುವ ಕೋಣೆಯೇ ಇವರ ಗ್ರೀನ್ ರೂಮು. ಗೋಡೆಯಾಚೆ ಭಾನುವಾರ ಮಧ್ಯಾಹ್ನದ ಜನ ಆಗಲೇ ಕಾಲು ಕುಟ್ಟುತ್ತಿದ್ದರು.

“ಎಲ್ಲಿಗ್ ಹೋಗ್ತದ್ಲಾ ಕೈ?”

“ನಿಮ್ಮ ಕಡೆಗೆ. ಮುಟ್ಟಿ ಕಣ್ಣಿಗೆ... ಯು ನೋ. ಪುಸ್ತಕಕ್ಕೆ, ಪೊರಕೆಗೆ, ಜನಕ್ಕೆ, ಯಾವುದಕ್ಕೆ ಕಾಲು ತಾಗಿದ್ರೂ. ಅಜ್ಜಿ ಬೈದು ಬೈದು ಕಲಿಸಿದಾರೆ.”

“ನಿಮ್ಮಜ್ಜಿ ಸಣ್ಣತಾಯಮ್ಮೋರಿಗೆ ನಾನೇ ಫೋನ್ ಮಾಡಿ ಪರ್ಮಿಷನ್ ಕೇಳ್ಲಾ?”

“ನೋ! ನಾನು ಜಿಮ್ಮಲ್ಲಿ ಕೆಲ್ಸ ಮಾಡ್ತೀನಿ ಅಂತಷ್ಟೇ ಅವರಿಗೆ ಗೊತ್ತಿರೋದು.”

ನಗು ಬರಬೇಕಿತ್ತು, ಯೋಗಾನಂದನಿಗೆ ಬಂದದ್ದು ಆಕಳಿಕೆ. ವಾರವೆಲ್ಲ ಸ್ಯಾನ್ ರಮೋನಿನ ಆಫೀಸಿನಲ್ಲಿ ಯಾರೋ ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದು, ವಾರದ ಕೊನೆಗೆ ‘ದಿವಾನ್ ಸಾಹೇಬ’ನಾಗಿ ಶಾಲೆಯ ಜಿಮ್ಮು, ಸಂತೆ ಮೈದಾನ, ಗ್ಯಾರೇಜು ಎಂದು ಸುತ್ತಿ ಜನರಿಂದ ಬೈಸಿಕೊಳ್ಳುವುದು. ಇಪ್ಪತ್ತು ವರ್ಷದಿಂದ ಇದೇ ಆಗಿತ್ತು. ಸೋಲು ಗೆಲುವು ಮೊದಲೇ ಗೊತ್ತುಮಾಡಿಕೊಂಡು ಆಡುವ, ಟೀವಿಯಲ್ಲಿ ಬರುವಂಥ ಕುಸ್ತಿ ಅದು. ಅವನು ಕುಸ್ತಿಪಟುವಲ್ಲ, ಕುಸ್ತಿಪಟುವಿನ ಮ್ಯಾನೇಜರು. ಅಂದರೆ ಅವನ ಬಾಯಿ. ಬೆಟ್ಟದಂಥ ಮೈಯಿದ್ದೂ ನಾಲ್ಕು ಮಾತು ಜೋಡಿಸಲಾರದವರ ಪರವಾಗಿ ಮೈಕು ಹಿಡಿದು, ಬಂದ ಜನರನ್ನೂ ಅವರ ಊರನ್ನೂ ಹೀಯಾಳಿಸಬೇಕು. ರೆಫರಿ ಅತ್ತ ತಿರುಗಿದಾಗ ಎದುರಾಳಿಯ ಕಾಲಿಗೆ ಬೆತ್ತ ಬೀಸಬೇಕು. ಮಂಡ್ಯದಲ್ಲಿ ಬೆಳೆದ ಬಾಯಿಗೆ ಅದೇನೂ ಕಷ್ಟವಾಗಿರಲಿಲ್ಲ. ಕಷ್ಟವಾಗಿದ್ದು ಮಂಡಿಗೆ.

ಈ ಕಸುಬಿನಲ್ಲಿ ಮ್ಯಾನೇಜರನ ಕೊನೆಯ ಕೆಲಸ ಎಂದರೆ ತನ್ನವನಿಂದಲೇ ಒದೆ ತಿನ್ನುವುದು. ಅಷ್ಟು ದಿನ ದಿವಾನನ ಜೊತೆಗೆ ಅವನ ಹುಡುಗನನ್ನೂ ಬೈದ ಜನ ಆ ಒಂದು ಒದೆಗೆ ಹುಡುಗನನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಅವನು ಹೀರೋ ಆಗಿ ಮೇಲೆ ಹೋಗುತ್ತಾನೆ, ಮ್ಯಾನೇಜರು ಮನೆಗೆ ಹೋಗುತ್ತಾನೆ. ಧಾರೆ ಎರೆದು ಕಳಿಸಿದ ಹಾಗೆ ಯೋಗಾನಂದ ಹೀಗೆ ಎಷ್ಟೋ ಜನರನ್ನು ಕಳಿಸಿಕೊಟ್ಟಿದ್ದ. ಇವನೇ ಕೊನೆ ಎಂದು ಹೆಂಡತಿ ಇಂದುವಿಗೆ ಮಾತು ಕೊಟ್ಟಾಗಿತ್ತು. ಇವತ್ತು ಫ್ಲಾರಿಡಾದ ದೊಡ್ಡ ಕುಸ್ತಿ ಕಂಪನಿಯಿಂದ ಒಬ್ಬಳು ಕುಶಲನನ್ನೇ ನೋಡಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಈ ಹುಡುಗನೋ, ಬೆಳಗಿನ ಪ್ರಾಕ್ಟೀಸಿನಲ್ಲಿ ಒದ್ದಾಗಲೆಲ್ಲ ಬಗ್ಗಿ, ಮುಟ್ಟಿ, ಕಣ್ಣಿಗೊತ್ತಿಕೊಂಡಿದ್ದ.

“ನೋಡ್ಲಾ ಮರಿ, ಅವಳ ಮುಂದೆ ನೀನು ನಮಸ್ಕಾರ ಮಾಡಿದ್ಯೋ, ಐರಾವತ ಸೀದಾ ಡಿಪೋಗೆ ವಾಪಸ್ಸು.”

ಐರಾವತ ಎನ್ನುವುದು ಯೋಗಾನಂದ ಅವನಿಗೆ ಇಟ್ಟ ರಿಂಗಿನ ಹೆಸರು. ಇಲ್ಲಿಯ ಜನಕ್ಕೆ ಅದು ಇಂದ್ರನ ಆನೆ. ಊರಿನಲ್ಲಿ ಅದು ಬಸ್ಸೂ ಹೌದೆಂದು ಇವರಿಬ್ಬರಿಗಷ್ಟೇ ಗೊತ್ತು.

“ಸುಮ್ನೆ ತಳ್ಳಿದ್ರೆ ಆಗಲ್ವಾ?”

“ತಳ್ಳಕ್ಕೆ ನಾನೇನು ಕೆಟ್ಟು ನಿಂತಿರೋ ಕಾರಾ? ಒದಿ. ಎದೆಗೆ. ಬೆನ್ನು ತಿರುಗ್ಸು. ಹೋಯ್ತಾ ಇರು.”

“ನಿಮ್ಮ ಮಂಡಿ?”

“ಅದು ಹೋಗಿ ಬಾಳ ದಿನ ಆಯ್ತು. ನಡಿ ನಡಿ.”

ಆಟ ಮೊದಲೇ ಗೊತ್ತುಮಾಡಿಕೊಂಡಂತೆ ನಡೆಯಿತು. ದಿವಾನ ಬೆತ್ತ ಬೀಸಿದ, ಎದುರಾಳಿ ಬಗ್ಗಿಕೊಂಡ, ಏಟು ಐರಾವತನಿಗೇ ಬಿದ್ದು ಅವನು ಸೋತ. ದಿವಾನ ಮೈಕು ಕಿತ್ತುಕೊಂಡು ಎಲ್ಲರೆದುರು ಅವನನ್ನು ಜಾಡಿಸಿದ. ಇಂಗ್ಲಿಷಿನಲ್ಲಿ ಶುರುವಾದದ್ದು, ದಣಿವಿಗೋ ಏನೋ, ಮಂಡ್ಯಕ್ಕೆ ಇಳಿಯಿತು. “ನಿಂಗೆ ಅನ್ನ ಹಾಕಿದ್ದೇ ದಂಡ ಕಣ್ಲಾ!” ಜನ ಎದ್ದು ನಿಂತರು. ಕುಶಲ್ ತಿರುಗಿದ. ಒದ್ದ.

ಒಳ್ಳೆಯ ಒದೆ. ಸದ್ದು ಜಾಸ್ತಿ, ನೋವು ಕಡಿಮೆ. ಪೇಟ ಎಲ್ಲಿಗೋ ಉರುಳಿತು. ಅಂಗಾತ ಬಿದ್ದ ಯೋಗಾನಂದ ಮೇಲೆ ನೋಡಿದರೆ, ಅಲ್ಲಿದ್ದದ್ದು ಹೀರೋನ ಮುಖವಲ್ಲ, ದೇವರ ಪಟ ಬೀಳಿಸಿದ ಮಗುವಿನದು. ಬಲಗೈ ಆಗಲೇ ಕೆಳಗಿಳಿಯುತ್ತಿತ್ತು.

ಯೋಚಿಸಲು ಪುರಸೊತ್ತಿರಲಿಲ್ಲ. ಯೋಗಾನಂದ ಹೊರಳಿ, ಒಲ್ಲೆನೆನ್ನುವ ಮಂಡಿಯ ಮೇಲೆ ಭಾರ ಹಾಕಿ, ಹುಡುಗನ ಎರಡೂ ಪಾದ ಹಿಡಿದು ಹಣೆ ಇಟ್ಟುಬಿಟ್ಟ. “ತಪ್ಪಾಯ್ತು! ಬಿಟ್ಬುಡು!”

ಇಳಿಯುತ್ತಿದ್ದ ಕೈ ಕೆಂಡ ಮುಟ್ಟಿದಂತೆ ಹಿಂದಕ್ಕೆ ಹೋಯಿತು. ಕುಶಲ್ ಹೌಹಾರಿ ಕಾಲು ಬಿಡಿಸಿಕೊಂಡು, ಬೆನ್ನು ತಿರುಗಿಸಿ, ಹಗ್ಗ ದಾಟಿ ಹೊರಟೇಹೋದ. ಜನರಿಗೆ ಕಂಡದ್ದು ಇಷ್ಟೇ: ದಿವಾನ ಕಾಲಿಗೆ ಬಿದ್ದ, ಐರಾವತ ತಿರುಗಿಯೂ ನೋಡಲಿಲ್ಲ. ಸೂರು ಹಾರಿಹೋಗುವ ಹಾಗೆ ಕೂಗಿದರು. ಮುಂದಿನ ಸಾಲಿನವಳೂ ಎದ್ದು ನಿಂತಿದ್ದಳು.

ಯೋಗಾನಂದ ಕುಂಟುತ್ತ, ಜನರ ಬೈಗುಳವನ್ನೆಲ್ಲ ಸ್ವೀಕರಿಸುತ್ತ ಬಕೆಟ್ಟಿನ ಕೋಣೆಗೆ ಬರುವಷ್ಟರಲ್ಲಿ ತಡವೇ ಆಯಿತು. ಕುಶಲ್ ಗೋಡೆ ನೋಡುತ್ತ ನಿಂತಿದ್ದ.

“ದೊಡ್ಡೋರು ಕಾಲಿಗೆ ಬಿದ್ರೆ ನಮ್ಮ ಆಯಸ್ಸು ಕಮ್ಮಿ ಆಗತ್ತಂತೆ. ಯಾಕಂಕಲ್ ಹಂಗ್ ಮಾಡಿದ್ರಿ?”

“ನಿನ್ನ ಕೈ ಹೊರಟಿತ್ತಲ್ಲೋ.”

“...ಐ ನೋ.”

“ಕಮ್ಮಿ ಬಿದ್ರೆ ನಂದ್ರಲ್ಲಿ ತಗೋ. ಅವಳೇನಂದ್ಲು?”

“ಈಗ್ತಾನೆ ಬಂದು ಹೋದ್ರು. ಮುಂದಿನ ತಿಂಗಳು ಟ್ರೈಔಟ್‌ಗೆ ಬಾ ಅಂದ್ರು.” ಹುಡುಗ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. “ನಿಮ್ಮ ಬಗ್ಗೆನೂ ಕೇಳ್ದೆ. ಅಲ್ಲಿ ಈಗ ಮ್ಯಾನೇಜರ್ಸ್ ಯಾರೂ ಇಲ್ವಂತೆ.”

“ಗೊತ್ತು ಕಣ್ಲಾ.” ಯೋಗಾನಂದ ಕುರ್ಚಿ ಹಿಡಿದು ಕೂತ. “ಅಲ್ಲಿ ಮೈಕು ಕೊಟ್ರೆ ಜಾಸ್ತಿ ಮಾತಾಡಕ್ಕೆ ಹೋಗ್ಬೇಡ. ನಿಂಗೆ ಮಾತು ಬರಲ್ಲ. ಸುಮ್ನೆ ನಿಂತು ನೋಡು.”

“ಹೆಂಗೆ ನೋಡೋದು?”

“ಈಗ ಗೋಡೆ ನೋಡ್ತಿದ್ಯಲ್ಲ, ಹಂಗೇ.”

ಹೊರಗೆ ಪಾರ್ಕಿಂಗಿನಲ್ಲಿ ಇನ್ನೂ ಬಿಸಿಲಿತ್ತು. ಕುಶಲ್ ಸಾಮಾನೆಲ್ಲ ತನ್ನ ಕಾರಿಗೆ ತುಂಬಿದನೋ ಇಲ್ಲವೋ, ಫೋಟೋ ಬೇಕೆಂದು ನಿಂತವರು ಅವನನ್ನು ಕೂಗಿ ಕರೆದರು. ಅವನು ಅತ್ತ ಹೋದ. ದಿವಾನನನ್ನು ಯಾರೂ ಕರೆಯಲಿಲ್ಲ. ಯೋಗಾನಂದ ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು, ನೋಯುವ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡ. ಕೆಳಗೆ ಹುಡುಗನ ಕುಸ್ತಿ ಬೂಟಿನ ಚೀಲವಿತ್ತು. ಎತ್ತಿಟ್ಟ ಕಾಲಿನ ಶೂ ಅದಕ್ಕೆ ತಗುಲಿತು.

ಕೈ ತಾನಾಗಿ ಇಳಿದು, ಚೀಲವನ್ನು ಮುಟ್ಟಿ, ಕಣ್ಣಿಗೆ ಬಂತು.