ಮುಂದಿಟ್ಟ ಹತ್ತು

ಹಸಿರು ಗೆರೆ ಮತ್ತೆ ಮುಂಚೆಯೇ ಬಿತ್ತು, ಪರದೆಯ ಮೇಲೆ ಏರಿ, ಸ್ವಲ್ಪ ದೂರ ಸಮನಾಗಿ ಓಡಿ, ಇಳಿಯಬೇಕಾದ ಜಾಗಕ್ಕೆ ಕೂದಲೆಳೆಯಷ್ಟು ಮೊದಲೇ ಇಳಿದುಬಿಟ್ಟಿತು — ಹತ್ತು ಮಿಲಿಸೆಕೆಂಡು, ಒಂಬತ್ತೂ ಅಲ್ಲ ಹನ್ನೊಂದೂ ಅಲ್ಲ, ಈ ಹಾಳು ಹತ್ತು ಅವಳ ಬೆನ್ನು ಬಿಡುವುದೇ ಇಲ್ಲ. ಟೈಮರಕ್ಕಾ, ನೋಡಿದ್ರಾ, ಈ ಸಲಾನೂ ವಾಲ್ವ್ ಬೇಗ ಮುಚ್ಕೊಳ್ತು, ಎನ್ನುತ್ತಿದ್ದಾಳೆ ಪಕ್ಕದಲ್ಲಿ ನಿಂತ ಪರೀಕ್ಷಕಿ, ಟೈಮರಕ್ಕ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ, ಮೂವತ್ತು ವರ್ಷ ಕರ್ನಲ್ಲಿನೊಳಗೆ, ಯಂತ್ರವನ್ನು ಒಳಗಿಂದ ನಡೆಸುವ ಮೂಲ ತಂತ್ರಾಂಶದೊಳಗೆ, ಟೈಮರುಗಳನ್ನೇ ಸಾಕಿ ಸಲಹಿದವಳಿಗೆ ಈಗ ಬೇರೆ ಹೆಸರು ಒಪ್ಪುವುದೂ ಇಲ್ಲ. ಮೇಜಿನ ಮೇಲೆ ಉಸಿರಾಟದ ಯಂತ್ರ, ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆಂದು ಮಾಡಿದ್ದು, ಕೊಳವೆಯ ತುದಿಯಲ್ಲಿ ಕೂಸಿನ ಬದಲು ಮುಷ್ಟಿಗಿಂತ ಚಿಕ್ಕದೊಂದು ರಬ್ಬರ್ ಚೀಲ, ಉಬ್ಬುತ್ತದೆ, ಪೂರ್ತಿ ಉಬ್ಬುವ ಮೊದಲೇ ಇಳಿಯುತ್ತದೆ, ನಾಲ್ಕು ಗಂಟೆಗೆ ವರದಿ ಕಳಿಸಬೇಕು, ಗೋಡೆಯ ಮೇಲೆ ಈಗ ಮೂರೂ ಕಾಲು. ಈ ಗೋಡೆಯ ಗಡಿಯಾರ ಸರಿಯಾಗಿದೆ, ಈಗಿನವೆಲ್ಲ ಸರಿಯಾಗಿಯೇ ಇರುತ್ತವೆ, ಅಮ್ಮನದು ಹಾಗಿರಲಿಲ್ಲ.

ಅಮ್ಮನ ಗಡಿಯಾರ ಹತ್ತು ನಿಮಿಷ ಮುಂದೆ, ಯಾವಾಗಲೂ, ಬೇಕೆಂದೇ — ಅಡುಗೆಮನೆಯ ಬಾಗಿಲ ಮೇಲೆ, ಹಾಲಿನ ಬಣ್ಣದ ಮುಖ, ಏಳರ ಅಂಕಿ ಅರ್ಧ ಅಳಿಸಿದ್ದು, ಗಾಜು ಒಡೆದು ಎಂದೋ ಕಿತ್ತೆಸೆದದ್ದು. ಮನೆಯಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಹತ್ತು ಕಳೆದೇ ನೋಡುವುದು, ಎಲ್ರೂ ಕಳೀತೀವಿ ಅಂದ್ಮೇಲೆ ಮುಂದಿಟ್ಟು ಏನು ಭಾಗ್ಯ ಬಂತು, ಎಂದು ಅಪ್ಪ, ಇರ್ಲಿ ಬಿಡಿ, ಒಂದು ಧೈರ್ಯ, ಎಂದು ಅಮ್ಮ. ಎಷ್ಟು ಚೆನ್ನಾಗಿತ್ತು ಆ ಹತ್ತು ನಿಮಿಷ, ಶೂ ಕಟ್ಟಿ ಚೀಲ ಹೆಗಲಿಗೇರಿಸಿ ನಿಂತರೆ ಅಮ್ಮ ಬಾಚಣಿಗೆ ಹಲ್ಲಲ್ಲಿ ಕಚ್ಚಿಕೊಂಡು ಜಡೆ ಬಿಚ್ಚಿ ಮತ್ತೆ ಹೆಣೆಯುವಳು, ಬಗ್ಗಿದ ಕತ್ತಿನ ಮೇಲೆ ಅವಳ ಉಸಿರು, ಸೋಪಿನ ವಾಸನೆಯ ಬೆರಳು, ಇನ್ನೂ ಹತ್ತು ನಿಮಿಷ ಇದೆ ಕಣೇ, ಸುಮ್ನೆ ನಿಂತ್ಕೋ. ಈಗ ಯಾರು ಹಾಗೆ ನಿಲ್ಲಿಸಿಕೊಳ್ಳುತ್ತಾರೆ, ಅಮ್ಮ ಹೋಗಿ ನಾಲ್ಕು ವರ್ಷ, ಅಮ್ಮ ಬೇಕು, ಈ ವಯಸ್ಸಿನಲ್ಲೂ ಬೇಕು, ನಾಚಿಕೆಯೇನು. ಹಳೆಯ ಕರ್ನಲ್ಲಿನದೂ ಒಂದು ಹತ್ತು, ಹತ್ತು ಮಿಲಿಸೆಕೆಂಡಿಗೊಮ್ಮೆ ಎದ್ದು ಯಾರ ಹೊತ್ತಾಯಿತು ಎಂದು ನೋಡಿ ಮಲಗುತ್ತಿತ್ತು, ನಡುವೆ ಹೊತ್ತಾದವರು ಮುಂದಿನ ಸರದಿಯವರೆಗೆ ಕಾಯಬೇಕು, ಎಲ್ಲಿ ಬೇಗ ಎಬ್ಬಿಸಿಬಿಡುವೆನೋ ಎಂದು ಒಂದು ಸರದಿ ಹೆಚ್ಚಿಗೇ ಕಾಯಿಸುತ್ತಿತ್ತು, ಹಾಗಾಗಿ ಏನು ಕೇಳಿದರೂ ಹತ್ತು ತಡ. ಹೋದ ವಾರ ಅವಳು ಅದನ್ನು ತೆಗೆದು ಸೂಕ್ಷ್ಮ ಟೈಮರು ಕೂರಿಸಿದಳು, ಎಲ್ಲರನ್ನೂ ಹೊತ್ತಿನ ಕ್ರಮದಲ್ಲಿ ನಿಲ್ಲಿಸಿ, ಮೊದಲನೆಯವನದೊಂದೇ ಕ್ಷಣವನ್ನು ಯಂತ್ರದ ಚಿಪ್‌ನ ಕಿವಿಗೆ ಹಾಕಿ ನಿದ್ದೆ ಹೋಗುವುದು, ಒಲೆಯ ಮೇಲಿನ ಹಾಲೊಂದನ್ನೇ ನೆನಪಿಟ್ಟುಕೊಂಡು ಅಮ್ಮ ಕಣ್ಣು ಮುಚ್ಚುತ್ತಿದ್ದಳಲ್ಲ, ಹಾಗೆ. ತಡವೆಂಬುದೇ ಇಲ್ಲ, ಕೇಳಿದ ಕ್ಷಣಕ್ಕೇ ಎಚ್ಚರ, ಎಷ್ಟು ಖುಷಿಯಾಗಿತ್ತು, ಸರಿಮಾಡುವ ಖುಷಿಯೇ ಬೇರೆ.

ಒಂಬತ್ತು ವರ್ಷದವಳಿಗೂ ಅದೇ ಖುಷಿ, ಗಡಿಯಾರ ಸುಳ್ಳು ಹೇಳ್ಬಾರ್ದು ಮಕ್ಕಳೇ, ಎಂದಿದ್ದರು ಟೀಚರ್, ಬೆಳಿಗ್ಗೆ ಯಾರೂ ಇಲ್ಲದಾಗ ಸ್ಟೂಲು ಹತ್ತಿ, ದೊಡ್ಡ ಮುಳ್ಳನ್ನು ತೋರುಬೆರಳಿನಿಂದ ಹಿಂದಕ್ಕೆ ತಳ್ಳಿ — ತಣ್ಣನೆಯ ಮುಳ್ಳು, ಬೆರಳ ತುದಿಗೆ ಎಣ್ಣೆಯ ಕರಿ ಹತ್ತಿತು, ಲಂಗಕ್ಕೆ ಒರೆಸಿದರೂ ಹೋಗದ ಕರಿ. ಯಾರಿಗೂ ಹೇಳಲಿಲ್ಲ, ಅವರೇ ನೋಡಿ ಬೆರಗಾಗಲಿ ಎಂದು. ಅವತ್ತೇ ಚಿಕ್ಕಮ್ಮ ತನ್ನ ಮನೆಯಿಂದ ಪರದೇಶಕ್ಕೆ ಹೊರಟಿದ್ದಳು, ಅಮ್ಮ ನಿಲ್ದಾಣಕ್ಕೇ ಹೋಗಿ ಬೀಳ್ಕೊಡಬೇಕು, ಎರಡೂ ಹತ್ತರ ರೈಲು, ಆಮೇಲೆ ಹಡಗು, ಅಮ್ಮನಿಗೆ ಒಬ್ಬಳೇ ತಂಗಿ, ಅವಳಿಗೆಂದು ಹೆಣೆದ ನೀಲಿ ಸ್ವೆಟರಿಗೆ ಕೊನೆಯ ಗುಂಡಿ ಹೊಲಿಯುತ್ತಾ ಅಮ್ಮ ತಲೆಯೆತ್ತಿ ಗಡಿಯಾರ ನೋಡಿ ಹತ್ತು ಕಳೆದಳು, ಇನ್ನೂ ಹತ್ತು ನಿಮಿಷ ಇದೆ. ಬಾಯಿ ಬಿಡಬಹುದಿತ್ತು, ಬಿಡಲಿಲ್ಲ, ಆಟದ ಮಧ್ಯೆ ಹೊಳೆಯಲೂ ಇಲ್ಲ. ಖಾಲಿ ಪ್ಲಾಟ್‌ಫಾರ್ಮು, ದೂರದಲ್ಲಿ ಕೊನೆಯ ಡಬ್ಬಿಯ ಬೆನ್ನು, ಅಮ್ಮನ ಕೈಯಲ್ಲಿ ದಾರ ಕಟ್ಟಿದ ಪೊಟ್ಟಣ, ಅಮ್ಮ ನಿಲ್ದಾಣದ ಗಡಿಯಾರ ನೋಡಿದಳು, ಇವಳನ್ನು ನೋಡಿದಳು, ಇವಳ ಬೆರಳ ತುದಿಯ ಕರಿ ಅಂಗೈಯೊಳಗೆ ಮುಚ್ಚಿಕೊಂಡಿತು. ಮನೆಗೆ ಬಂದದ್ದೇ, ಹೋಗು, ಕೈ ತೊಳ್ಕೊಂಡು ಬಾ, ಅಪ್ಪ ಬರೋದ್ರೊಳಗೆ, ಎಂದಳು ಅಮ್ಮ. ತೊಳೆದು ಬರುವಷ್ಟರಲ್ಲಿ ಗಡಿಯಾರ ಮತ್ತೆ ಹತ್ತು ಮುಂದೆ, ಹಳೇ ಚಾಳಿಗೆ ತಾನೇ ಮರಳಿತೆಂದೇ ಅವಳು ನಂಬಿದ್ದು. ಚಿಕ್ಕಮ್ಮ ತಿರುಗಿ ಬರಲಿಲ್ಲ, ಎರಡನೇ ಚಳಿಗಾಲದ ಜ್ವರ ಅವಳನ್ನು ಅಲ್ಲೇ ಇಟ್ಟುಕೊಂಡಿತು, ಸ್ವೆಟರು ಬೀರುವಿನಲ್ಲೇ ಉಳಿಯಿತು.

ಟೈಮರಕ್ಕಾ, ಏನ್ ಯೋಚ್ನೆ, ಎನ್ನುತ್ತಾ ಮ್ಯಾನೇಜರು ಬಂದು ನಿಂತಿದ್ದಾರೆ, ನಿಮ್ಮ ಟೈಮರ್ ಕರೆಕ್ಟಾಗೇ ಇದೆಯಲ್ಲ, ವಾಲ್ವ್ ಪ್ರೋಗ್ರಾಮ್ ತಪ್ಪು ಅಂತ ಬರ್ದು ಕಳಿಸಿಬಿಡಿ. ಅವರ ಹಿಂದೆ ಅದನ್ನು ಬರೆದ ವಾಲ್ವಣ್ಣ, ನಿವೃತ್ತಿಗೆ ಮೂರೇ ತಿಂಗಳು, ಕನ್ನಡಕ ಒರೆಸುತ್ತಾ, ಎಲ್ಲೋ ನಾನೇ ಲೆಕ್ಕ ತಪ್ಪಿರ್ಬೇಕು, ಎನ್ನುತ್ತಾನೆ. ಇಲ್ಲ, ತಪ್ಪಿಲ್ಲ, ಅವಳಿಗೆ ಗೊತ್ತು, ಟೈಮರು ಹತ್ತು ತಡ ಎಂದು ಅವನೂ ವರ್ಷಗಟ್ಟಲೆ ಹತ್ತು ಕಳೆದೇ ಕೇಳುತ್ತಿದ್ದ, ಅವಳು ಸದ್ದಿಲ್ಲದೆ ಸರಿಮಾಡಿದಳು, ಅವನಿನ್ನೂ ಕಳೆಯುತ್ತಲೇ ಇದ್ದಾನೆ. ತಪ್ಪು ಅವರದಲ್ಲ, ಎಂದ ದನಿ ತನ್ನದೇ, ಸರಿಮಾಡಿದ್ದು ನಾನು, ಯಾರಿಗೂ ಹೇಳ್ಲಿಲ್ಲ, ಹಾಗಂತಾನೇ ಬರೀತೀನಿ. ವಾಲ್ವಣ್ಣ ಕನ್ನಡಕ ಏರಿಸಿ ನಕ್ಕೇಬಿಟ್ಟ, ಅಷ್ಟೇನಾ ಮಾರಾಯ್ತಿ, ಹಾಗಾದ್ರೆ ಆ ಹತ್ತು ತೆಗೆದ್ರಾಯ್ತು, ಕೂತ, ತೆಗೆದ, ಹಸಿರು ಗೆರೆ ಕೊನೆಯವರೆಗೂ ಓಡಿ ಇಳಿಯಿತು, ಚೀಲ ಪೂರ್ತಿ ಉಬ್ಬಿತು. ಇಷ್ಟೇನಾ, ಇಷ್ಟು ಸುಲಭವಾ, ನಲವತ್ತೈದು ವರ್ಷ ಅಮ್ಮನೆದುರು ಗಂಟಲಲ್ಲೇ ಉಳಿದದ್ದು — ಎಲ್ಲೋ ನಾನೇ ಲೆಕ್ಕ ತಪ್ಪಿದೆ, ಎಂದಿದ್ದಳು ಅಮ್ಮನೂ, ಆ ಸಂಜೆ, ಹತ್ತು ಕಳೆಯೋಕೂ ಬರಲ್ವಲ್ಲೇ ನಿನಗೆ, ಎಂದು ಅಪ್ಪ ರೇಗುತ್ತಿದ್ದಾಗ, ತಲೆ ತಗ್ಗಿಸಿ, ಅಪ್ಪನ ಮುಂದೆ ನೀರಿನ ಲೋಟ ಇಡುತ್ತಾ — ಆ ಲೋಟ ಎಷ್ಟು ಸಲ ನೆನಪಾಗಿಲ್ಲ, ಲೋಟ, ಅಂಚಿನವರೆಗೆ ನೀರು, ಅದನ್ನು ಹಿಡಿದ ಕೈ, ಆ ಕೈಯನ್ನು ಅವಳು ಇಷ್ಟು ದಿನ ನೋಡಿಯೇ ಇರಲಿಲ್ಲ, ಕೈ ತೊಳ್ಕೊಂಡು ಬಾ, ಅಪ್ಪ ಬರೋದ್ರೊಳಗೆ — ಲೋಟಕ್ಕೆ ಒತ್ತಿದ ಅಮ್ಮನ ತೋರುಬೆರಳು, ಅದರ ತುದಿಯಲ್ಲಿ ಕರಿ.