ಪಾರ್ಥಿಯನ್ ಅಕ್ಷರದ ಬಾಲ

ನನ್ನ ಹೆಸರು ಶೀತಲ. ಹೆಸರಿಗಷ್ಟೇ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಅಂಥವಳು ನಮ್ಮೂರ ರೂಪೇಶನ ಆ ಲಿಪಿಯನ್ನು ಎರಡು ವರ್ಷ ಸಹಿಸಿಕೊಂಡೆನಲ್ಲ, ಅದಕ್ಕಿಂತ ತಾಳ್ಮೆ ಇನ್ನೇನು ಬೇಕು?

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇರಾನಿನ ಕಡೆ ಕಲ್ಲಿನ ಮೇಲೆ ಕೊರೆದ ಪಾರ್ಥಿಯನ್ ಅಕ್ಷರಗಳು. ಕಂಪ್ಯೂಟರಿನಲ್ಲಿ ಒಂದೊಂದಕ್ಕೂ ಒಂದು ಸಂಖ್ಯೆ ಗೊತ್ತುಮಾಡಿಟ್ಟಿದ್ದಾರೆ. ಆ ಸಂಖ್ಯೆಗೆ ಸರಿಯಾದ ಅಕ್ಷರ ಪರದೆಯ ಮೇಲೆ ಮೂಡುವಂತೆ ಫಾಂಟ್ ಮಾಡುವ ಕೆಲಸವನ್ನು ಪುಣೆಯ ಪ್ರಾಧ್ಯಾಪಕರೊಬ್ಬರು ನಮಗೆ ಒಪ್ಪಿಸಿದ್ದರು. ನಾನು ಬರೆದುಕೊಡುತ್ತಿದ್ದೆ, ರೂಪೇಶ ಕಂಪ್ಯೂಟರಿಗೆ ಕೂಡಿಸುತ್ತಿದ್ದ. ಸದಲಗಾದ ನಮ್ಮ ಮನೆಯ ಪಡಸಾಲೆಯಲ್ಲೇ ಕೂರುತ್ತಿದ್ದೆವು, ಅಪ್ಪನ ಕಣ್ಣೆದುರಿಗೆ. ಕೆಲವು ಅಕ್ಷರಗಳ ಬಾಲ ಪಕ್ಕದ ಅಕ್ಷರದ ಕೆಳಗೆ ಚಾಚಿಕೊಳ್ಳುತ್ತದೆ. ಎಷ್ಟು ಚಾಚಬೇಕೆಂದು ಒಂದೊಂದು ಜೋಡಿಯನ್ನೂ ನೋಡಿ ನಿರ್ಧರಿಸಬೇಕು. ಇನ್ನಷ್ಟು ಹತ್ತಿರ ತಾ ಎಂದು ಅವನು, ಸಾಕು ಬಿಡೋ ಎಂದು ನಾನು. ಹೀಗೆ ಜಗಳವಾಡುತ್ತಲೇ ಒಬ್ಬರಿಗೊಬ್ಬರು ಜೀವ ಹಚ್ಚಿಕೊಂಡೆವು.

ಫಾಂಟ್ ಪುಣೆಗೆ ಕಳಿಸಿದ ದಿನವೇ ಅಪ್ಪನ ಹತ್ತಿರ ಮದುವೆಯ ಮಾತೆತ್ತುತ್ತೇನೆ ಎಂದು ರೂಪೇಶ ಹೇಳಿದ್ದ. ಹೇಳಿದ ಮೇಲೆ ಕೆಲಸ ಮುಗಿಯಲೇ ಇಲ್ಲ. ಇವತ್ತು ಬಾಲ ಉದ್ದವಾಯಿತು, ನಾಳೆ ಗಿಡ್ಡವಾಯಿತು. ಅವನ ಹೆದರಿಕೆ ನನಗೆ ಗೊತ್ತಿತ್ತು. ಅವನ ಮನೆಯವರು ಅಂಬೇಡ್ಕರರ ಹಾದಿಯಲ್ಲಿ ಬೌದ್ಧರಾದ ದಲಿತರು, ಅವನ ತಾಯಿ ಸುಂದರಾ ನಮ್ಮ ಕಬ್ಬಿನ ಹೊಲದಲ್ಲಿ ಕಳೆ ತೆಗೆದವಳು. ಕೊನೆಗೊಂದು ದಿನ ರೇಗಿದೆ.

"ಓದಾವ್ರ ಇಲ್ಲದ ಅಕ್ಷರಕ್ಕ ಇಷ್ಟ ಬಡದಾಡ್ತಿ. ನನ್ನ ಸಲುವಾಗಿ ಒಂದ ಮಾತ ಆಡಾಕ ಏನ್ ಧಾಡಿ ನಿನಗ?"

ಮರುದಿನವೇ ಫಾಂಟ್ ಕಳಿಸಿದ. ಸಂಜೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಕೆಲಸ ಮುಗಿಯಿತೆಂದು ನಾನೇ ಖುಷಿಯಲ್ಲಿ ಮನೆಯಲ್ಲಿ ಹೇಳಿಬಿಟ್ಟಿದ್ದೆ. ಅಪ್ಪ ವಿರೂಪಾಕ್ಷಪ್ಪ ಎರಡು ವರ್ಷ ಪೇಪರಿನ ಹಿಂದೆ ಕೂತು ಏನೇನು ನೋಡಿದ್ದರೋ, ಓಣಿಯ ಹಿರಿಯರನ್ನು ಕರೆಸಿ ಕೂರಿಸಿದ್ದರು. ರೂಪೇಶ ಬಾಯಿ ತೆರೆಯುವ ಮೊದಲೇ ಅವನ ತಲೆಗೆ ಟೋಪಿ ಇಟ್ಟು, ಹೆಗಲಿಗೆ ಟವಲ್ ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ನಮ್ಮ ಶೀತಲಗ ಅಣ್ಣ ಇರಲಿಲ್ಲ, ದೇವರು ನಿನ್ನ ಕೊಟ್ಟಾನ. ಆಕಿ ಮದುವ್ಯಾಗ ನೀನ ಮುಂದ ನಿಂತ ಎಲ್ಲಾ ಮಾಡಬೇಕಪಾ," ಎಂದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು, ನಗುನಗುತ್ತಲೇ ಹೇಳಿದರು.

ಹಿರಿಯರ ಮುಂದೆ ತಂಗಿ ಎಂದು ಒಪ್ಪಿಕೊಂಡರೆ ನಮ್ಮ ಕಡೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅದು ಅವನಿಗೂ ಗೊತ್ತು. ಬಾಗಿಲಲ್ಲಿ ನಿಂತು ಅವನ ಬಾಯನ್ನೇ ನೋಡಿದೆ. ಇಲ್ಲ ಅನ್ನು, ಒಂದೇ ಒಂದು ಸಲ ಇಲ್ಲ ಅನ್ನು ಮಹಾರಾಯಾ.

"ಆತ್ರಿ ಕಾಕಾ," ಎಂದ.

ಚಹಾದ ಟ್ರೇ ತಂದು ಅವನ ಮುಂದೆ ಹಿಡಿದೆ.

"ಹಂಗಾದ್ರ ಇನ್ನ ಅಣ್ಣಾ ಅನ್ಲ್ಯಾ?"

ರೂಪೇಶ ತಲೆ ಎತ್ತಲಿಲ್ಲ. ತೆಂಗಿನಕಾಯಿಯ ಜುಟ್ಟು ಸವರುತ್ತಲೇ, "ಅನ್ನು," ಎಂದ.