ಗಾಳಿಯ ಅಳತೆ

ಮುಯಿ ಕಾಮ್ ಮಲಗುವ ಹಲಗೆ ಅವನೊಬ್ಬನದಾಗಿರಲಿಲ್ಲ. ಹಗಲು ಅವನದು, ರಾತ್ರಿ ಸೀತೋ ಬಿಂಗನದು. ಕಾಮ್ ದರ್ಜಿ. ರಾತ್ರಿಪಾಳಿಯಲ್ಲಿ ಕೂಲಿಗಳ ಷರಾಯಿ ಹೊಲಿದು ಅವನು ಬರುವ ಹೊತ್ತಿಗೆ ಮುದುಕ ಬಿಂಗ್ ಎದ್ದು ಪರರ ಬಟ್ಟೆ ಒಗೆಯಲು ಹೊರಡುತ್ತಿದ್ದ. ಆ ಹಲಗೆ ಎಂದೂ ತಣ್ಣಗಾದದ್ದಿಲ್ಲ. ಕೋಣೆಯಲ್ಲಿ ಅಂಥ ಎಂಟು ಹಲಗೆ, ಹದಿನಾರು ಜನ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ಕೇರಿಯ ನಾಲ್ಕು ಬೀದಿ ಬಿಟ್ಟರೆ ಬೇರೆಲ್ಲೂ ಬಿಳಿಯರು ಚೀನಿಯರಿಗೆ ಮನೆ ಕೊಡುತ್ತಿರಲಿಲ್ಲ. ಕುರಿಗಳ ಹಾಗೆ ತುಂಬಿಕೊಂಡಿದ್ದಾರೆ ಎಂದು ಬೈಯುವವರೂ ಅವರೇ.

ಕಾಮ್‌ನ ಹತ್ತಿರ ಅಳತೆಪಟ್ಟಿ ಇರಲಿಲ್ಲ. ಅವನ ಜಡೆಯೇ ಪಟ್ಟಿ. ತುದಿಗೆ ಕಪ್ಪು ರೇಷ್ಮೆ ಸೇರಿಸಿ ಹೆಣೆದು ಸರಿಯಾಗಿ ಮೂರಡಿ ಮಾಡಿಕೊಂಡಿದ್ದ, ಅಡಿಗೊಂದು ಕೆಂಪು ದಾರದ ಗಂಟು. ಗಿರಾಕಿಯ ಕಾಲು ಅಳೆಯಬೇಕಾದರೆ ಪಕ್ಕದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಎಂಥ ವಿನಯ ಎಂದು ಬಿಳಿಯರು ಮೆಚ್ಚುತ್ತಿದ್ದರು.

ಆದರೆ ಜಡೆ ಬರೀ ಪಟ್ಟಿಯಲ್ಲ. ಅದಿಲ್ಲದೆ ಊರಿಗೆ ಹೋದವನು ಚಕ್ರವರ್ತಿಗೆ ದ್ರೋಹಿ, ತಲೆಯೇ ಹೋಗುತ್ತದೆ. ಹತ್ತು ವರ್ಷ ಹಣ ಕೂಡಿಟ್ಟು, ಬರುವ ವಸಂತದಲ್ಲಿ ಹಡಗು ಹತ್ತಲು ಕಾಮ್ ಕಾಯುತ್ತಿದ್ದ. ಅವನ ಊರು ಹೊಯ್ಪಿಂಗ್‌ನಲ್ಲಿ ತಾಯಿ ಹೆಣ್ಣು ನೋಡಿಟ್ಟಿದ್ದಳು.

ಒಂದು ಮಧ್ಯಾಹ್ನ ಇನ್ಸ್‌ಪೆಕ್ಟರ್ ಡೂಲಿ ಹಿತ್ತಾಳೆಯ ಅಳತೆಪಟ್ಟಿ ಹಿಡಿದು ಬಂದ. ಜ್ವರವೆಂದು ಕೆಲಸಕ್ಕೆ ಹೋಗದ ಬಿಂಗ್ ಅಂದು ಕಾಮ್‌ನ ಪಕ್ಕವೇ ಮುದುಡಿಕೊಂಡಿದ್ದ.

"ಎದ್ದೇಳಿ. ಇಲ್ಲಿ ಗಾಳಿ ಸಾಲದು."

"ಕಿಟಕಿ ತೆಗೀಲಾ ಸ್ವಾಮಿ?" ಎಂದ ಕಾಮ್.

"ಕಿಟಕಿ ಮಾತಲ್ಲ, ಕಾನೂನು. ತಲೆಗೆ ಐನೂರು ಘನ ಅಡಿ ಗಾಳಿ ಇರ್ಬೇಕು. ಅದಕ್ಕಿಂತ ಕಮ್ಮೀಲಿ ಮಲಗಿದ್ರೆ ಅಪರಾಧ."

"ನಮ್ ಪಾಲಿನ ಗಾಳಿ ಕದ್ದೋರು ಯಾರಂತೆ?"

"ಕದ್ದೋರನ್ನ ಹಿಡಿಯೋ ಕಾನೂನಿಲ್ಲ. ಗಾಳಿ ಸಾಲದೋರನ್ನ ಹಿಡಿಯೋದು."

"ತಲೆ ಎಣಿಸಿ ಬಾಡಿಗೆ ಇಸ್ಕತಾರಲ್ಲ ನಮ್ಮ ಮಾಲೀಕ್ರು, ಅವ್ರು?"

"ಅವರ ಮನೇಲಿ ಬೇಕಾದಷ್ಟು ಗಾಳಿ ಇದೆ ಕಣಯ್ಯ. ಯಾಕೆ ಹಿಡೀಲಿ?"

ನ್ಯಾಯಾಧೀಶ ತಲೆ ಎತ್ತದೆ ತೀರ್ಪು ಹೇಳಿದ: ಹತ್ತು ಡಾಲರ್, ಇಲ್ಲವೇ ಹತ್ತು ದಿನ. ಅಷ್ಟರಲ್ಲಿ ಬೀದಿಯ ಹಿರಿಯರಿಂದ ಮಾತು ಬಂದಿತ್ತು. ಬಿಂಗ್ ಪಿಸುಗುಟ್ಟಿದ, "ಯಾರೂ ದಂಡ ಕಟ್ಟಬ್ಯಾಡ್ದಂತೆ ಕಣ್ಲಾ. ಜೈಲು ತುಂಬುಸ್ಬೇಕಂತೆ."

ಜೈಲು ತುಂಬಿತು. ಒಂದು ಕೋಣೆಗೆ ನಲವತ್ತು ಜನ.

"ಉಸಿರು ಎಳ್ಕಳಾಕೂ ಪಾಳಿ ಮಾಡ್ಬೇಕು ಇಲ್ಲಿ," ಎಂದ ಬಿಂಗ್.

ಕಾಮ್‌ಗೆ ಕೈ ತುರಿಸಿತು. ದರ್ಜಿಯ ಬುದ್ಧಿ ಎಲ್ಲಿಗೆ ಹೋದೀತು? ಗೋಡೆಗೆ ತಲೆಯಿಟ್ಟು, ಜಡೆ ಚಾಚಿ, ಮಂಡಿಯೂರಿ ಅಳೆಯುತ್ತ ಹೊರಟ. ಉದ್ದ ಆರು ಜಡೆ ಎರಡು ಗಂಟು. ಅಗಲ ಮೂರು ಜಡೆ ಒಂದು ಗಂಟು. ಎತ್ತರಕ್ಕೆ ನಾಲ್ವರು ಅವನನ್ನು ಹೆಗಲ ಮೇಲೆ ಹೊತ್ತು ನಿಂತರು, ಒಬ್ಬನಿಗೆ ಕಚಗುಳಿಯಾಗಿ ಎಲ್ಲರೂ ಬಿದ್ದರು. ಎತ್ತರವೂ ಹತ್ತಡಿ. ಬಿಂಗ್ ಬೆರಳ ಗೆಣ್ಣಿನ ಮೇಲೆ ಗುಣಿಸಿ ಹೇಳಿದ, "ನಾಕು ಜನದ ಗಾಳಿ ಕಣ್ರಪ್ಪ. ನಲವತ್ತು ಜನ ಕುಡೀತಾ ಇದೀವಿ."

ಡೂಲಿ ಬಂದಾಗ ಕಾಮ್ ಸರಳು ಹಿಡಿದು ನಿಂತ. "ಸ್ವಾಮಿ, ಇಲ್ಲಿ ಗಾಳಿ ಸಾಲದು. ಜೈಲರ್ ಸಾಹೇಬ್ರನ್ನ ಹಿಡೀಬೇಕು."

"ಹಿಡಿದು ಎಲ್ಲಿ ಹಾಕ್ಲಿ?"

"ಇಲ್ಲೇ ಹಾಕಿ. ವಸಿ ಸರ್ಕೊಂಡು ಜಾಗ ಕೊಡ್ತೀವಿ."

ನಗು ಮೂರು ಕೋಣೆ ದಾಟಿ ಹೋಯಿತು. ಜೈಲರ್‌ನ ಕಿವಿಗೂ ಬಿತ್ತು.

ಮೂರನೆಯ ದಿನ ಹೊಸ ಆಜ್ಞೆ ಬಂತು. ದಂಡ ಕಟ್ಟದೆ ಒಳಗಿರುವವರ ಕೂದಲನ್ನು ಒಂದು ಅಂಗುಲಕ್ಕೆ ಕತ್ತರಿಸಬೇಕು, ಶುಚಿತ್ವಕ್ಕಾಗಿ. ಡೂಲಿ ಕತ್ತರಿ ತಂದ.

"ದರ್ಜಿ, ನಿನ್ನಿಂದಲೇ ಶುರು. ಹತ್ತು ಡಾಲರ್ ಕಟ್ಟಿದ್ರೆ ಜಡೆ ಸಮೇತ ಹೋಗ್ಬಹುದು."

ಕಾಮ್ ಅಂಗಿಯ ಅಂಚಿನೊಳಗೆ ಹಡಗಿನ ಹಣವನ್ನು ಹೊಲಿದಿಟ್ಟಿದ್ದ. ಕೈ ಅಲ್ಲಿಗೆ ಹೋಯಿತು, ಹೋಗಲಿಲ್ಲ ಎಂದರೆ ಸುಳ್ಳಾದೀತು. ತಾಯಿಯ ಮುಖ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಬಿಂಗ್ ತನ್ನ ನರೆತ ಜಡೆಯನ್ನು ಕುತ್ತಿಗೆಪಟ್ಟಿಯೊಳಗೆ ಅಡಗಿಸಿಕೊಳ್ಳುತ್ತಿರುವುದು ಕಾಣಿಸಿತು. ಮುದುಕನ ಬಳಿ ಹತ್ತು ಸೆಂಟೂ ಇರಲಿಲ್ಲ. ತಾನೊಬ್ಬ ಎದ್ದು ಹೋದರೆ ದಂಡ ಕಟ್ಟಬಾರದೆಂದು ಎಲ್ಲರೂ ಒಪ್ಪಿದ ಮಾತು ಮುರಿಯುತ್ತದೆ, ಮುದುಕನ ಜಡೆಯಂತೂ ಉಳಿಯುವುದಿಲ್ಲ.

ಕಾಮ್ ನೆಲದ ಮೇಲೆ ಕೂತ. "ಮೊಂಡು ಕತ್ತರಿ ಸ್ವಾಮಿ. ನಮ್ಮಂಗ್ಡೀಲಿ ಸಾಣೆ ಹಿಡಿದಿದ್ದೈತೆ, ತರುಸ್ಲಾ?"

ಯಾರೂ ನಗಲಿಲ್ಲ. ಮೊಂಡು ಕತ್ತರಿ ಅಗಿದು ಅಗಿದು ಕತ್ತರಿಸಿತು. ಆಮೇಲೆ ಅವನು ಗೋಡೆಯ ಕಡೆ ತಿರುಗಿ ಗಳಗಳನೆ ಅತ್ತ. ವಸಂತಕ್ಕೆ ಹಡಗು ಹೊರಡುತ್ತದೆ, ತಾನಿಲ್ಲದೆ ಹೊರಡುತ್ತದೆ.

ಸಂಜೆಯೊಳಗೆ ನಲವತ್ತು ಜಡೆಯೂ ಬಿದ್ದವು. ಒಬ್ಬನೂ ದಂಡ ಕಟ್ಟಲಿಲ್ಲ. ಮರುದಿನ ಬೆಳಿಗ್ಗೆ ಡೂಲಿ ಇನ್ನೂ ಹತ್ತು ಜನರನ್ನು ತಂದು ಒಳಗೆ ನೂಕಿದ. ನೋಡಿದರೆ ಕಾಮ್ ತನ್ನ ಜಡೆಯನ್ನು ಕೈಯಲ್ಲಿ ಹಿಡಿದು ಗೋಡೆಯುದ್ದಕ್ಕೂ ನಡೆಯುತ್ತಿದ್ದಾನೆ.

"ಇನ್ನೂ ಏನಯ್ಯ ಅಳೆಯೋದು?"

"ಐವತ್ತು ಜನ ಆದ್ವಲ್ಲ ಸ್ವಾಮಿ, ಇನ್ನೊಂದ್ ಸಲ ನೋಡ್ಬೇಕು." ಕಾಮ್ ಜಡೆಯನ್ನು ಗೋಡೆಗೆ ಬಿಗಿಯಾಗಿ ಎಳೆದು ಹಿಡಿದ. "ಈಗ ಸಲೀಸು. ಮೊದ್ಲು ಅಳೀಬೇಕಾದ್ರೆ ತಲೆ ತಗ್ಗಿಸ್ಬೇಕಾಗಿತ್ತು."